ಹದಿನಾಲ್ಕಕ್ಕೆ ಹದಿನೇಳು

ಪೇಪರಿನ ನಮೂನೆ ಎರಡೇ ವಾರ ತಾಳುತ್ತದೆ.
ಪಿನ್ನು ಚುಚ್ಚಿ ಚುಚ್ಚಿ ಅಂಚು ಜೂಲಾಗಿ
ಹತ್ತನೇ ಚೀಲ ಒಂಬತ್ತನೆಯದಕ್ಕಿಂತ ಕುಳ್ಳಾಗುತ್ತದೆ.
ಬ್ಯಾಂಕಿನ ಕ್ಯಾಲೆಂಡರಿನ ರಟ್ಟು ನೆಲದ ತೇವಕ್ಕೆ ಸೊಟ್ಟಗಾಯಿತು.
ಆಗ ಬೀರುವಿನ ಮೇಲಿಂದ ಇಳಿಸಿದೆ
ಕಂದು ಲಕೋಟೆಯೊಳಗಿದ್ದ
ನಮ್ಮತ್ತೆಯ ಎದೆಯನ್ನು.

ಹದಿನಾಲ್ಕಕ್ಕೆ ಹದಿನೇಳಿಂಚು.
ಹರಿಯದು, ಮುದುಡದು, ನೀರಿಗಂಜದು.
ಮೂಲೆಯಲ್ಲಿ ಬಿಳಿ ಅಕ್ಷರ: ನಿಂಗಾಜಮ್ಮ, ಐವತ್ತೆಂಟು, ಹೆಣ್ಣು.
ತಾಂಬೂಲದ ಚೀಲಕ್ಕೆ ಹೇಳಿ ಮಾಡಿಸಿದ ಹಾಗೆ.
ಮೇಲೆ ಹೆಗಲಿನ ಮೂಳೆಯ ಹತ್ತಿರ ಹಿಡಿಕೆಗೆ ತೂತು,
ಕೆಳಗೆ ಎರಡು ಮೂಲೆಯಲ್ಲೂ ಎರಡಿಂಚಿನ ಚೌಕ ತೆಗೆದರೆ
ಚೀಲಕ್ಕೆ ತಳ ಬರುತ್ತದೆ, ಕೂರುವುದು ಕಲಿಯುತ್ತದೆ.
ತೆಗೆದೆ. ಅವಳು ಮಲಗಿದ್ದಳು. ಕೇಳಲಿಲ್ಲ.
ಪಕ್ಕೆಲುಬಿನ ತುದಿಗಳು ಕಸದಬುಟ್ಟಿಗೆ ಬಿದ್ದವು.

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ
ಗಾರ್ಮೆಂಟ್ಸಿನ ತುಂಡುಬಟ್ಟೆ ಕೇಜಿ ಲೆಕ್ಕ.
ಚೌಕುಳಿ, ಹೂವು, ಒಂದು ಸಲ
ಯಾವುದೋ ದೇಶದ ಮಕ್ಕಳ ಹಾಸಿಗೆಗೆಂದು ಅಚ್ಚಾದ
ನೀಲಿ ಆನೆಗಳು, ಮೂರು ಕೇಜಿ.
ಸವೆದ ಸೋಪಿನ ಚೂರು ಹಿಡಿದು
ಅತ್ತೆಯ ಸುತ್ತ ಗೆರೆ ಎಳೆಯುತ್ತೇನೆ.
ಪಕ್ಕೆಲುಬಿನ ಸಂದಿಯಿಂದ ಆನೆಗಳು ನೋಡುತ್ತವೆ,
ಆಲೂರಿನ ಕಡೆ ತೋಟದ ಬೇಲಿಯಾಚೆ
ಸಂಜೆಗೆ ಬಂದು ನಿಂತವುಗಳ ಹಾಗೆ.

ಚೀಲವನ್ನು ಉಲ್ಟಾ ಹೊಲಿಯಬೇಕು.
ಮುಮ್ತಾಜಕ್ಕ ಹೇಳಿಕೊಟ್ಟದ್ದು.
ಅಂದವೆಲ್ಲ ಒಳಗೆ, ಹೊಲಿಗೆಯ ಗಂಟೆಲ್ಲ ಹೊರಗೆ,
ಅಸ್ತರಿನಲ್ಲಿ ನಾಲ್ಕು ಬೆರಳಿನ ಸಂದು ಬಿಟ್ಟು.
ಆ ಸಂದಿಯಲ್ಲಿ ಕೈ ಹಾಕಿ
ಕರುವಿನ ಕಾಲು ತಡಕುವವರ ಹಾಗೆ ತಡಕಿ ಎಳೆದರೆ
ಇಡೀ ಚೀಲ ಹೊರಬರುತ್ತದೆ
ಮುದ್ದೆಯಾಗಿ, ಸುಕ್ಕುಸುಕ್ಕಾಗಿ.

ಸಂದು ಮುಚ್ಚುವುದು ಮಾತ್ರ ಅತ್ತೆಯ ಕೆಲಸ.
ಪೆಡಲು ತುಳಿದರೆ ಅವಳಿಗೆ ಕೆಮ್ಮು.
ದಾರ ಪೋಣಿಸಿ ಕೊಟ್ಟರೆ ಸಾಕು,
ಎಲ್ಲಿ ಬಿಟ್ಟಿದ್ದೆನೋ ನನಗೇ ತಿಳಿಯದ ಹಾಗೆ ಮುಚ್ಚುತ್ತಾಳೆ.
"ಯಾರ್ ಅಳತೆನೇ ಇದು?" ಅಂದಳು ಒಂದು ದಿನ.
ಝೆರಾಕ್ಸ್ ಅಂಗಡಿಯಲ್ಲಿ ಸಿಕ್ಕಿದ್ದು ಅಂದೆ.

ಕಾರ್ತಿಕದಲ್ಲಿ ಕೆಮ್ಮು ಜೋರಾಯಿತು.
ಹಳೇ ಫಿಲ್ಮು ತನ್ನಿ, ಹೋಲಿಸಬೇಕು ಅಂದರು ಡಾಕ್ಟರು.
ಸೆರಗಿನಡಿ ಹಿಡಿದುಕೊಂಡು ಹೋಗಿ ಕೊಟ್ಟೆ.
ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದರು.
ಅಂಚಿನ ತುಂಬ ಸೋಪು, ಹೆಗಲಲ್ಲಿ ನಾಲ್ಕು ಚುಕ್ಕಿ,
ಕೆಳಗೆ ಮೂಲೆ ಇಲ್ಲದ ಕಡೆ
ಬರೀ ಟ್ಯೂಬ್‌ಲೈಟು.
ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.
"ಕೆಳಗಿಂದು ಎಲ್ಲಿ ಹೋಯ್ತಮ್ಮ?"
ನನ್ನ ಬಾಯಿ ಬಾಬಿನ್ ಖಾಲಿಯಾದ ಮಿಷಿನ್ನು,
ಟಕಟಕ ಅಂದಿತು, ಹೊಲಿಗೆ ಬೀಳಲಿಲ್ಲ.

ಅತ್ತೆ ಬಾಗಿ ನೋಡಿದಳು.
ತೋರುಬೆರಳಲ್ಲಿ ತನ್ನದೇ ಅಂಚನ್ನು
ಒಂದು ಸುತ್ತು ಸವರಿದಳು. ಸೋಪನ್ನು ಮೂಸಿದಳು.
"ತಳ ಕೂರ್ಸಕ್ಕೆ ತಗ್ದವ್ಳೆ ಸ್ವಾಮಿ.
ಇಲ್ದಿದ್ರೆ ತೆಂಗಿನ್‌ಕಾಯಿ ನಿಲ್ಲಾಕಿಲ್ಲ."

ಮಬ್ಬು ಹಳೆಯದರಷ್ಟಿಲ್ಲವಂತೆ. ಹದಿನೈದು ದಿನದ ಮಾತ್ರೆ.
ಈಗ ಫಿಲ್ಮು ಕೊಡುವುದಿಲ್ಲವಂತೆ,
ಎದೆ ಸೀದಾ ಮೊಬೈಲಿಗೇ ಬರುತ್ತದೆ,
ಅಂಗೈಯಗಲ, ಬೆರಳಲ್ಲಿ ಹಿಗ್ಗಿಸಬಹುದು.
"ಹಿಗ್ಸಿ ಏನ್ ಬಂತು, ಕತ್ರಿ ಹಾಕಕ್ಕಾಯ್ತದಾ?"
ಬಸ್ಸಿನ ಸೀಟಿಗೆ ಕೂಗಿ ಕೇಳಿದಳು,
ಹಳೆಯದು ಅವಳ ತೊಡೆಯ ಮೇಲೆ, ಲಕೋಟೆಯಿಲ್ಲದೆ.

ಡೇರಿ ಸರ್ಕಲ್ಲಿನಲ್ಲಿ ಬಸ್ಸು ನಿಂತಾಗ
ಪಕ್ಕದ ಸ್ಕೂಟರಿನ ಕೊಕ್ಕೆಯಲ್ಲಿ ನೇತಾಡುತ್ತಿತ್ತು
ನೀಲಿ ಆನೆಗಳದೊಂದು,
ಬಾಯಿತುಂಬ ಸಬ್ಬಸಿಗೆ ಸೊಪ್ಪು, ಕೆಳಗೆ ಏನೋ ಭಾರ,
ಯಾರ ಮದುವೆಯಿಂದ ಬಂದದ್ದೋ.
ಉಬ್ಬಿತ್ತು. ಬಿರಿದಿರಲಿಲ್ಲ.
ಕಿಟಕಿಯ ಸರಳಿಗೆ ಹಣೆಯಿಟ್ಟು ನೋಡೇ ನೋಡಿದಳು.
ಏನಾದರೂ ಹೇಳುತ್ತಾಳೆಂದು ಕಾದೆ.

"ಎಡಗಡೆ ಹಿಡಿಕೆ ಸೊಟ್ಟಗೈತೆ," ಅಂದಳು.