ಅವಕಾಶ ಪಟ್ಟಿ

ಹಾಸನದ ಬಿ.ಎಂ. ರಸ್ತೆ, ಟೈರು ಅಂಗಡಿಯ ಮೇಲಿನ ಮಹಡಿ.
ಮೆಟ್ಟಿಲು ಹತ್ತುವಷ್ಟರಲ್ಲಿ
ಸೀರೆಗೆ ರಬ್ಬರಿನ ವಾಸನೆ ಹತ್ತಿರುತ್ತದೆ.
ಶನಿವಾರ ಮಧ್ಯಾಹ್ನ ನಂಜಪ್ಪಶೆಟ್ಟರು ಅಂದರು:
"ಕಂಪನಿ ಕೊಡೋ ವರದಿ ಊರಿಗೆಲ್ಲ ಒಂದೇ ಅಳತೆ.
ನಮಗೆ ಬೇಕಾದ ಹಾಗೆ ಒಂದು ಹೊಲಿಯಮ್ಮ.
ಯಾರ ಹತ್ತಿರ ಏನಿದೆ ಅಂತಲ್ಲ,
ಏನಿಲ್ಲ ಅಂತ."

ಮದುವೆಗೆ ಮುಂಚೆ ರವಿಕೆ ಹೊಲಿಯುತ್ತಿದ್ದವಳು ನಾನು.
ಅಳತೆ ಗೊತ್ತು, ಎಲ್ಲಿ ಬಿಗಿ, ಎಲ್ಲಿ ಸಡಿಲ.
ಅಡ್ಡಸಾಲಿಗೆ ಹೆಸರು ಹಾಕಿದೆ,
ಉದ್ದಸಾಲಿಗೆ ಭಯ:
ಗಾಡಿ, ಬೆಂಕಿ, ಕಾಯಿಲೆ, ಸಾವು.
ದುಡ್ಡು ಕಟ್ಟಿದ ಭಯಕ್ಕೆ ಒಂದು ಗುರುತು.
ಕಟ್ಟದ್ದಕ್ಕೆ ಏನೂ ಬೇಡ,
ಬಿಳಿ ಬಿಟ್ಟರೆ ಸಾಕು.

ಗುಂಡಿ ಒತ್ತಿದೆ. ಹಳೇ ಕಂಪ್ಯೂಟರು ಕೆಮ್ಮಿ ಕೆಮ್ಮಿ ಬಿಚ್ಚಿತು.

ಜವರಪ್ಪ, ಆಲೂಗೆಡ್ಡೆ ಮಂಡಿ.
ಲಾರಿಗೆ ಇದೆ, ಗೋದಾಮಿಗೆ ಇದೆ,
ತಣ್ಣನೆ ಕೋಣೆಯಲ್ಲಿ ಮಲಗಿದ ಬಿತ್ತನೆ ಗೆಡ್ಡೆಗೂ ಇದೆ.
ಜವರಪ್ಪನಿಗೆ ಇಲ್ಲ.

ನೂರ್ ಆಯಿಷಾ, ಪೆನ್ಶನ್ ಮೊಹಲ್ಲಾ, ಬೇಕರಿ.
ಓವನ್ನಿಗೆ ಇದೆ.
ಅದರ ಮುಂದೆ ಇಪ್ಪತ್ತಾರು ವರ್ಷ ನಿಂತ ಮೊಣಕಾಲಿಗೆ ಇಲ್ಲ.

ಓಂಕಾರಪ್ಪ, ಅರಸೀಕೆರೆ ದಾಟಿ ಮೂರನೇ ಊರು.
ಹಸುವಿನ ಕಿವಿಯಲ್ಲಿ ನಂಬರಿನ ಓಲೆ ಇದೆ.
ಹಾಲು ಕರೆಯುವ ಹೆಂಡತಿಯ ಕಿವಿ ಬೋಳು.
(ಇದು ವರದಿಯಲ್ಲಿ ಬರುವುದಿಲ್ಲ,
ಕಂತು ಕಟ್ಟಲು ಬಂದಾಗ ಕಂಡದ್ದು.)

ಮೂರು ಪುಟ ಇಳಿದ ಮೇಲೆ ಹೊಳೆಯಿತು:
ಬ್ಯಾಂಕು ಕೇಳಿದ್ದಕ್ಕೆಲ್ಲ ವಿಮೆ ಇದೆ.
ಬ್ಯಾಂಕು ಕೇಳದ್ದು ಬಿಳಿ.

"ನೂರ ನಲವತ್ಮೂರು ಅವಕಾಶ!" ಶೆಟ್ಟರು ಕನ್ನಡಕ ಒರೆಸಿಕೊಂಡರು.
ಅವಕಾಶ ಅಂದರೆ ತೆರಪು ಅಂತ
ಹೈಸ್ಕೂಲಿನ ಮೇಷ್ಟ್ರು ಬರೆಸಿದ್ದರು,
ಎರಡು ಕಲ್ಲಿನ ನಡುವೆ ಉಳಿಯುವ ಜಾಗ.
ಶೆಟ್ಟರಿಗೆ ಅದು ವ್ಯಾಪಾರ.
ಒಂದೇ ಮಾತು, ಎರಡೂ ಸರಿ, ಅದೇ ತಾಪತ್ರಯ.
ನನ್ನ ಮಗಳ ಫೀಸೂ ಆ ತೆರಪಿನಿಂದಲೇ ಬರಬೇಕು,
ನಾನೇನು ಮೇಲಿನವಳಲ್ಲ.

ಅವರು ಪಟ್ಟಿಯನ್ನು ಆದಾಯದ ಮೇಲೆ ಜೋಡಿಸಿದರು.
ಅವರು ಟೀ ಕುಡಿಯಲು ಇಳಿದಾಗ ನಾನು ವಯಸ್ಸಿನ ಮೇಲೆ ಜೋಡಿಸಿದೆ.
ತಲೆ ಬುಡವಾಯಿತು.
ಮೊದಲ ಸಾಲಿಗೆ ಜವರಪ್ಪ ಬಂದ, ಐವತ್ತೊಂಬತ್ತು.

"ನಂಗ್ಯಾಕವ್ವಾ? ನಾನೇನು ಲಾರಿನಾ,
ಸಾಲದ ಮ್ಯಾಲೆ ತಂದಿರಾಕೆ?"
ಫೋನಿನ ಹಿಂದೆ ತಕ್ಕಡಿಯ ಸದ್ದು, ಹಮಾಲರ ಕೂಗು.
"ಬಿತ್ನೆ ಮುಗೀಲಿ, ಆಮ್ಯಾಕೆ ನೋಡಾನ."
ನಗಿಸಿದ. ನಕ್ಕೆ.
ಎದುರಿಗೆ 'ಮತ್ತೆ ಕರೆಯಿರಿ' ಅಂತ ಬರೆದೆ.

ಮುಂದಿನ ತಿಂಗಳ ವರದಿ: ನೂರ ನಲವತ್ತೊಂದು.
"ಎರಡು ಮುಚ್ಚಿದ್ವು!" ಶೆಟ್ಟರು ಖಾರಾಬೂಂದಿ ತರಿಸಿದರು.

ಒಂದು ಆಯಿಷಾದು. ಸಹಿಯ ಮೇಲೆ
ಮೈದಾದ ಬೆರಳಚ್ಚು ಇನ್ನೂ ಇದೆ.

ಇನ್ನೊಂದಕ್ಕೆ ಜವರಪ್ಪನ ಮಗಳು ಬಂದಿದ್ದಳು,
ಲಾರಿ ಪಾಲಿಸಿಯ ಹೆಸರು ಬದಲಿಸಲು.
ಪ್ಲಾಸ್ಟಿಕ್ ಕವರಿನಲ್ಲಿ ಆರ್.ಸಿ., ಆಧಾರ್,
ನಗರಸಭೆ ಕೊಟ್ಟ ಒಂದು ಹಾಳೆ.
ಲಾರಿಗೆ ಎಲ್ಲ ಸರಿ ಇತ್ತು.
ಸಾಲಿನಿಂದ ಅವನನ್ನು ತೆಗೆದದ್ದು ನನ್ನ ಬೆರಳೇ.

ಪಟ್ಟಿಯಿಂದ ಇಳಿಯಲು ದಾರಿ ಎರಡು.
ಲೆಕ್ಕಕ್ಕೆ ಎರಡೂ ಒಂದೇ.

ಬೂಂದಿ ತಿಂದೆ, ಸುಳ್ಳು ಯಾಕೆ.
ಆಮೇಲೆ ವರದಿಯ ಅಂಚಿಗೆ ಒಂದು ಉದ್ದಸಾಲು ಸೇರಿಸಿದೆ: ಕಾರಣ.
"ಇದ್ಯಾಕೆ, ಪ್ರಿಂಟಲ್ಲಿ ಕೂರಲ್ಲ" ಅಂದರು ಶೆಟ್ಟರು.
ಅಕ್ಷರ ಸಣ್ಣ ಮಾಡಿದೆ, ಕೂತಿತು.

ಆರೂವರೆಗೆ ಓಂಕಾರಪ್ಪನ ನಂಬರು ಒತ್ತಿದೆ.
"ಹಸಿಂದು ಕಟ್ಟಾಯ್ತಲ್ಲ ತಾಯಿ?"
"ಹಸುವಿನದಲ್ಲ. ನಿಮ್ಮನೆಯವರಿಗೆ ಕೊಡಿ."
"ಅವ್ಳಿಗಾ?" ಸ್ವಲ್ಪ ಹೊತ್ತು ಮಾತಿಲ್ಲ.
"ಹಾಲು ಕರೀತಾವ್ಳೆ."

ಕಾಯುತ್ತೇನೆ ಅಂದೆ.
ಫೋನು ಎಲ್ಲಿಟ್ಟನೋ,
ತಂಬಿಗೆಯ ತಳಕ್ಕೆ ಬೀಳುತ್ತಿದ್ದ ಹಾಲು
ಮೊದಲು ಜೋರಾಗಿ, ತುಂಬಿದಂತೆ ಮೆತ್ತಗೆ
ಕೇಳುತ್ತಲೇ ಇತ್ತು.