ಇಲ್ಲಿಂದ ಅಂಜುದೀವ ಕಾಣುವುದಿಲ್ಲ

ದೊಡ್ಡವರಿಗೆ ಇಪ್ಪತ್ತು, ಮಕ್ಕಳಿಗೆ ಹತ್ತು.
ಕಾರವಾರದ ಮರಳ ಮೇಲೆ ಏರಿ ಕೂತ ಯುದ್ಧನೌಕೆಯ ಬಾಗಿಲಲ್ಲಿ
ನಾನು ಟಿಕೆಟ್ ಹರಿಯುತ್ತೇನೆ.
ಒಳಗೆ ಗೊಂಬೆ ನಾವಿಕರು,
ಅದರಲ್ಲೊಬ್ಬನ ಕಿರುಬೆರಳು ಮುರಿದಿದೆ
ಯಾವುದೋ ಶಾಲೆಯ ಪ್ರವಾಸದಲ್ಲಿ.
ಮೇಲಿನವರಿಗೆ ಬರೆದು ಬರೆದು ಎಂಟು ವರ್ಷ,
ಬೆರಳು ಬಂದಿಲ್ಲ.

"ಅಂಕಲ್, ಇದು ಎಷ್ಟು ಜನರನ್ನು ಕೊಂದಿದೆ?"
ಹುಡುಗರು ಕೇಳುವುದು ಇದೊಂದೇ.
ಬೋರ್ಡಿನಲ್ಲಿ ಉದ್ದ ಇದೆ, ತೂಕ ಇದೆ, ವೇಗ ಇದೆ.
ಅದಿಲ್ಲ.

ನನ್ನ ಅಜ್ಜ ತುಳಸು ಹರಿಕಂತ್ರ.
ಗೋವೆಯಲ್ಲಿ ಫರಂಗಿಯವರ ಬಾವುಟ ಹಾರಿದ ಕೊನೆಯ ಚಳಿಗಾಲ
ತಾರ್ಲೆಯ ಬೆನ್ನು ಹತ್ತಿ
ದ್ವೀಪದ ಕೋಟೆಗೆ ತುಸು ಹತ್ತಿರ ಹೋದ.
ತುಸು ಅಂದರೆ ಎಷ್ಟೋ, ಅಳೆದವರಿಲ್ಲ.
ಮೀನಿಗೆ ಗಡಿ ಗೊತ್ತಿಲ್ಲ ಅಂತ ಭಾಷಣದಲ್ಲಿ ಹೇಳುತ್ತಾರೆ.
ಅಜ್ಜನಿಗೆ ಗೊತ್ತಿತ್ತು.
ಮನೆಯಲ್ಲಿ ಅಕ್ಕಿ ಮುಗಿದಿತ್ತು, ಅಷ್ಟೆ.

ಮೂರನೆಯ ದಿನ ದೋಣಿ ತಾನಾಗಿ ಬಂತು
ಬಿಣಗೆಯ ದಂಡೆಗೆ.
ಒಳಗೆ ಬಲೆ ಮಾತ್ರ.

ಶೇವಂತಿ ಅಜ್ಜಿ ಹೇಳುವಾಗ
ಒಮ್ಮೆ ಗುಂಡು ಎರಡು, ಒಮ್ಮೆ ಐದು.
ಒಮ್ಮೆ ಮಂಗಳವಾರ, ಒಮ್ಮೆ ಅಮಾಸೆಯ ಮಾರನೇ ದಿನ.
ಸದ್ದನ್ನು ಅವಳು ಕೇಳಿಯೇ ಇರಲಿಲ್ಲ,
ಅವತ್ತು ಸಂತೆಯಲ್ಲಿ ಕೂತು
ಒಣ ಬಂಗಡೆಯ ಮೇಲಿನ ನೊಣ ಓಡಿಸುತ್ತಿದ್ದಳು.

ಕಚೇರಿಯ ಗುಮಾಸ್ತ ಪೆನ್ನು ಕೆಳಗಿಟ್ಟು ಕೇಳಿದ,
"ಕಣ್ಣಾರೆ ಕಂಡವರು ಯಾರಾದರೂ ಇದ್ದಾರೇನಮ್ಮ?"
ಅವಳು ಮರುದಿನ ಬಲೆ ಹೊತ್ತು ಬಂದಳು,
ಮೇಜಿನ ಮೇಲೆ ಹಾಸಿದಳು,
ಫೈಲುಗಳ ಮೇಲೆ, ಶಾಯಿ ಕುಡಿಕೆಯ ಮೇಲೆ,
ಉಪ್ಪುನೀರು ಇನ್ನೂ ಸೋರುತ್ತಿತ್ತು.
"ಸಾವಿರ ಕಣ್ಣಿದೆ ಇದಕ್ಕೆ. ಕೇಳು."

ಗುಮಾಸ್ತ ಕೆಟ್ಟವನಲ್ಲ. ಹುಡುಕಿದನಂತೆ
ಕಿಟಕಿಯ ಬೆಳಕಿಗೆ ಹಿಡಿದು, ಮೂಲೆಯಿಂದ ಮೂಲೆಗೆ:
ಗುಂಡು ಹೊಕ್ಕ ಕಣ್ಣು ಯಾವುದು,
ನೀರು ಹೋಗಲೆಂದು ಬಿಟ್ಟ ಕಣ್ಣು ಯಾವುದು.
ತೂತುಗಳನ್ನೇ ಗಂಟು ಹಾಕಿ ಮಾಡಿದ ವಸ್ತುವಿನಲ್ಲಿ
ಒಂದು ತೂತಿನ ಲೆಕ್ಕ ಯಾವ ಕಾಲಮ್ಮಿನಲ್ಲಿ ಬರೆಯುವುದು?

ಆಮೇಲೆ ಗೋವೆ ನಮ್ಮದಾಯಿತು.
ಬೈತಖೋಲದಲ್ಲಿ ಪೇಢೆ ಹಂಚಿದರು.
ಅಜ್ಜಿಯೂ ತಿಂದಳು. ಸಿಹಿಯಿತ್ತು, ಅಂದಳು.

ಬಲೆಯನ್ನು ಅವಳು ಎತ್ತಿಡಲಿಲ್ಲ.
ಎತ್ತಿಡಲು ನಾವೇನು ಮ್ಯೂಸಿಯಮ್ಮೇ?
ಬಿದಿರ ಸೂಜಿಯಿಂದ ಹೆಣೆದು ಮೈದುನನ ಕೈಗಿತ್ತಳು.
ಅದರ ಮೀನು ತಿಂದು ನನ್ನ ಅಪ್ಪ ಬೆಳೆದ.
ಬಲೆ ಒಣಹಾಕುವಾಗ ಮಾತ್ರ
ಅವಳ ಬೆರಳು ಒಂದು ಕಡೆ ತಡೆಯುತ್ತಿತ್ತು
ಅಕ್ಕಿಯಲ್ಲಿ ಕಲ್ಲು ಸಿಕ್ಕ ಹಾಗೆ.
ಅವಳು ಹೋದಮೇಲೆ ಆ ಕಡೆ ಯಾವುದೆಂದು
ನಮಗ್ಯಾರಿಗೂ ಗೊತ್ತಿಲ್ಲ.

ಈಗಲೂ ದ್ವೀಪದ ಹತ್ತಿರ ದೋಣಿ ಸುಳಿಯುವಂತಿಲ್ಲ.
ಕಾವಲಿದೆ.
ಕಾವಲು ನಮ್ಮದೇ.

ಸಂಜೆ ಆರಕ್ಕೆ ದೀಪ ಆರಿಸಿ ಬೀಗ ಹಾಕುವಾಗ
ಕೈ ಒಂದು ಗಳಿಗೆ ಹಡಗಿನ ಮೈಮೇಲೆ ನಿಲ್ಲುತ್ತದೆ,
ಬಿಸಿಲು ಕುಡಿದ ಕಬ್ಬಿಣ, ದನದ ಮೈಯ ಹಾಗೆ ಬೆಚ್ಚಗೆ.
ಇಂಥ ಹಡಗುಗಳು ಒಂದು ರಾತ್ರಿ
ಕಡಲಾಚೆಯ ಬಂದರಿಗೆ ಬೆಂಕಿ ಇಟ್ಟವಂತೆ.
ಎಣ್ಣೆಯ ಟಾಂಕಿಗಳಿಗೆ, ಅನ್ನುತ್ತಾನೆ ಗೈಡು. ಇರಬಹುದು.
ಅಲ್ಲಿಯೂ ತಾರ್ಲೆ ಇರಬಹುದು.
ಅದರ ಬೆನ್ನು ಹತ್ತಿ ತುಸು ಹತ್ತಿರ ಬಂದವನೊಬ್ಬ.
ಆ ಊರಿನ ಗುಮಾಸ್ತನ ಮೇಜಿನ ಮೇಲೆ
ಯಾವಳು ಏನನ್ನು ಹಾಸಿದಳೋ.

ಇದನ್ನು ಯಾರ ಹತ್ತಿರವೂ ಆಡಿಲ್ಲ.
ನನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ.

ನಿನ್ನೆ ಹಳಿಯಾಳದ ಹುಡುಗಿಯೊಬ್ಬಳು
ಚಿಲ್ಲರೆಗೆ ಕೈಚಾಚಿ ನಿಂತವಳು ಕೇಳಿದಳು,
ಪುಸ್ತಕದಲ್ಲಿದೆಯಲ್ಲ ಅಂಜುದೀವ, ಅದೆಲ್ಲಿ?
ತೆಂಕಣಕ್ಕೆ ಕೈ ತೋರಿಸಿದೆ.
ಇಲ್ಲಿಂದ ಕಾಣುವುದಿಲ್ಲ ಮಗಾ,
ಬೈತಖೋಲದ ಗುಡ್ಡ ಅಡ್ಡ ಇದೆ.
ಅವಳು ಆ ಕಡೆಗೇ ನೋಡುತ್ತಿದ್ದಳು,
ಹಿಂದಿನವರು ಸಾಲು ದೂಡುವ ತನಕ.