ಆರೂತನಕ

ಉದ್ಯಮಬಾಗದ ಶೆಡ್ಡಿನ್ಯಾಗ
ಹಳೇ ಕಂಪ್ರೆಸರಿನ ಕೂಲರ್ ಬಿಚ್ಚಿ
ಕೆಂಪು ಗಾಡಿಯ ಡಿಫರೆನ್ಷಿಯಲ್ ಮಗ್ಗಲಿಗೆ ಕಟ್ಟಿದೆ.
ಗಾಳಿ ಒಳಗ ಬರಲಿ ಅಂತ
ಎಣ್ಣಿ ಡಬ್ಬಿ ತಗಡು ಬಗ್ಗಿಸಿ ಒಂದು ಬಾಯಿ;
ಡಬ್ಬಿ ಮ್ಯಾಲಿನ ಸೂರ್ಯಕಾಂತಿ ಹಂಗ ಉಳೀತು.
ರುಹೀನಾ ನಕ್ಕಳು:
"ಭರಮಣ್ಣಾ, ಇದು ಗಾಡಿಯೋ, ಕಿರಾಣಿ ಅಂಗಡಿಯೋ?"

ವಿಮಾನ ಇಳಿಯದ ಹಳೇ ರನ್‌ವೇ.
ನಾಕನೇ ಸುತ್ತಿಗೆ ಮುಳ್ಳು ನೂರಾ ಮೂವತ್ತಕ್ಕ.
ಗೇರ್ ಎಣ್ಣಿ ವಾಸನಿ,
ಬಳ್ಳೊಳ್ಳಿ ಒಗ್ಗರಣಿ ಹೊತ್ತಿದಂಗ.
ಕೈ ಬೀಸಿದೆ. ನೋಡಲಿಲ್ಲ.
ಅಂಗಿ ಕಳದು ಬೀಸಿದೆ.

ಆಗ ನಿಧಾನಾದಳು.
ಬ್ರೇಕ್ ಮುಟ್ಟದ, ಮ್ಯಾಲಿನ ಗೇರಿನ್ಯಾಗ,
ತಾ ಹಿಂದ ಹಾಕಿದವರೆಲ್ಲಾ
ಹಾರ್ನ್ ಹೊಡಕೋತ ದಾಟಿ ಹೋಗೂದು ನೋಡಕೋತ
ಪೂರಾ ಒಂದು ಸುತ್ತು
ಗಾಳೀಗೆ ಬಿಟ್ಟು ಬಂದಳು.

ಫೌಂಡ್ರಿಯೊಳಗ ನಮ್ಮಪ್ಪ
ಅಚ್ಚು ಒಡಿಯಾಕ ಬಿಡತಿರಲಿಲ್ಲ.
"ತಡಿಯಲೇ,
ಕಬ್ಬಣ ಇನ್ನೂ ಮಾತಾಡಾಕತ್ತೈತಿ."

ಗಾಡಿ ನಿಂತಿತು.
ಹ್ಯಾಂಡ್‌ಬ್ರೇಕ್ ಎಳೀಬ್ಯಾಡ ಅಂದೆ,
ಗಾಲಿಗೆ ಕಲ್ಲು ಕೊಟ್ಟೆ.
ಸೂರ್ಯಕಾಂತಿ ಅರ್ಧ ಸುಟ್ಟು ಕರ್ರಗಾಗಿತ್ತು.
ಕೆಳಗ ಟಿಕ್... ಟಿಕ್...
ನೆಲದ ಮ್ಯಾಲೆ ಕುಂತು
ಮುಗಿಯೂತನಕ
ಇಬ್ಬರೂ ನಡುವ ಬಾಯಿ ಹಾಕಲಿಲ್ಲ.